ಶಟರ್ ಮುಟ್ಟೋ ಮುಂಚೆ

ಕಳೆದ ದೀಪಾವಳಿಗೆ ಮಾವನ ಅಂಗಡಿಗೆ ಸೀರಿಯಲ್ ಸೆಟ್ ಕಟ್ಟಿದ್ದು ನಾನೇ. ಲಕ್ಷ್ಮೀಪೂಜೆ ಮುಗೀತು. ಲೈಟು ಉರೀತಿರ್ಲಿ ಅಂತ ಬಿಟ್ಟು ಮಾವ ಶಟರ್ ಎಳೆದರು. ವೈರು ಅಡಿಗೆ ಸಿಕ್ಕಿ ಜಜ್ಜಿಹೋಗಿತ್ತು. ಬೀಗ ಹಾಕಲು ಬಗ್ಗಿದವರು ‘ಅಯ್ಯೋ’ ಅಂತ ಕೈ ಕಿತ್ತುಕೊಂಡರು. ಪುಣ್ಯಕ್ಕೆ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು.

“ಎಂಸಿಬಿ ಇತ್ತಲ್ಲೋ, ಯಾಕೆ ಟ್ರಿಪ್ ಆಗ್ಲಿಲ್ಲ?”

ಇಂಜಿನಿಯರ್ ಅನ್ನಿಸಿಕೊಂಡ ನಾನು ಆಮೇಲೆ ಓದಿಕೊಂಡೆ. ಎಂಸಿಬಿ ಕಾಯೋದು ವೈರನ್ನು. ಜೀವ ತೆಗೆಯುವಷ್ಟು ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮನುಷ್ಯರಿಗೆ ಬೇಕಾದ್ದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದೆವು, ಶಟರ್‌ಗೂ ಅರ್ಥಿಂಗ್ ಕೊಡಿಸಿದೆವು.

ಈ ಸಲ ವೈರು ಶಟರಿನ ದಾರಿಗೇ ಬರಲ್ಲ. ಜಾಯಿಂಟ್‌ಗಳೆಲ್ಲ ಮಳೆ ತಾಗದ ಸಜ್ಜಾದಡಿ. ಟೆಸ್ಟ್ ಬಟನ್ ಒತ್ತಿದೆ, ಟಕ್ ಅಂತ ಬಿತ್ತು. ಮಾವ ಮಾತ್ರ ಶಟರ್ ಮುಟ್ಟೋ ಮುಂಚೆ ಈಗಲೂ ನನ್ನ ಮುಖ ನೋಡ್ತಾರೆ.