ಬಂದೂಕು ಹಿಡಿಯದವನ ಕೈ ಶುದ್ಧವೇ?

ಬ್ರಿಟನ್ನಿನ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಅಭಿಮಾನಿಗಳನ್ನು ಮಾತಾಡಿಸಿ ನೋಡಿ. ಮೊದಲು ಹೇಳುವ ಮಾತೇ ಇದು: ನಮ್ಮ ಹೀರೋ ಬಂದೂಕು ಹಿಡಿಯುವವನಲ್ಲ. ನಾವೂ ಹಾಗೇ ಹೇಳಿಕೊಂಡು ಓಡಾಡಿದವರು. ಈಗ ಆ ಮಾತು ಬಾಯಿಗೆ ಬರುತ್ತಿಲ್ಲ.

ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಧಾರಾವಾಹಿ ಶುರುವಾಗಿದ್ದು 1963ರ ನವೆಂಬರ್ 23ರಂದು. 1989ರಲ್ಲಿ ನಿಂತಿತು, 2005ರಲ್ಲಿ ಮತ್ತೆ ಬಂತು. ಈ ಡಾಕ್ಟರ್ ಬೇರೆ ಗ್ರಹದವನು. ನೀಲಿ ಪೆಟ್ಟಿಗೆಯಂಥ ಯಂತ್ರದಲ್ಲಿ ಕೂತು ಯಾವ ಕಾಲಕ್ಕೆ ಬೇಕಾದರೂ ಹೋಗಿಬರುತ್ತಾನೆ. ಸಾಯುವ ಹೊತ್ತಿಗೆ ಅವನಿಗೆ ಹೊಸ ಮೈ, ಹೊಸ ಮುಖ ಬರುತ್ತದೆ. ಹಾಗಾಗಿ ನಟರು ಬದಲಾದರೂ ಪಾತ್ರ ಮುಗಿಯುವುದಿಲ್ಲ. ಭೂಮಿಯನ್ನು ಎಷ್ಟು ಸಲ ಉಳಿಸಿದ್ದಾನೋ ಲೆಕ್ಕವಿಲ್ಲ.

2005ರ ಕ್ರಿಸ್‌ಮಸ್ ಸಂಚಿಕೆ ತೆಗೆದುಕೊಳ್ಳಿ. ಆಗಿನ ಡಾಕ್ಟರ್ ಡೇವಿಡ್ ಟೆನೆಂಟ್. ದಾಳಿಗೆ ಬಂದ ಅನ್ಯಗ್ರಹದವರನ್ನು ಸೋಲಿಸಿ ಹಿಂದಕ್ಕೆ ಕಳಿಸುತ್ತಾನೆ. ಹೋಗುತ್ತಿದ್ದ ಅವರ ಹಡಗನ್ನು ಬ್ರಿಟನ್ನಿನ ಪ್ರಧಾನಿ ಹ್ಯಾರಿಯೆಟ್ ಜೋನ್ಸ್ ಹೊಡೆದು ಉರುಳಿಸುತ್ತಾಳೆ. ಅದು ತಪ್ಪು, ನಮಗೂ ಅನುಮಾನವಿಲ್ಲ. ಆದರೆ ಡಾಕ್ಟರ್ ಮಾಡಿದ್ದೇನು? ಅವಳ ಸಹಾಯಕನ ಕಿವಿಯಲ್ಲಿ ಆರೇ ಪದ ಉಸುರಿದ. ಅವಳು ದಣಿದಂತೆ ಕಾಣುವುದಿಲ್ಲವೇ ಅಂತ. ಅಷ್ಟಕ್ಕೇ ಆರೋಗ್ಯದ ಬಗ್ಗೆ ಗುಸುಗುಸು ಹುಟ್ಟಿತು, ಅವಿಶ್ವಾಸದ ಮಾತೆದ್ದಿತು, ಅವಳ ಅಧಿಕಾರ ಹೋಯಿತು. ಜನ ಓಟು ಹಾಕಿ ಕೂರಿಸಿದವಳು ಅವಳು. ಡಾಕ್ಟರಿಗೆ ಓಟು ಹಾಕಿದವರು ಯಾರು? ಅವಳು ಮೂರು ಸಲ ಆರಿಸಿ ಬಂದು ದೇಶಕ್ಕೆ ಒಳ್ಳೆ ಕಾಲ ತರುತ್ತಾಳೆ ಅಂತ ಅದೇ ವರ್ಷ ಹೇಳಿದ್ದವನೂ ಇವನೇ! 2007ರ ಸಂಚಿಕೆಗಳಲ್ಲಿ ಪ್ರಧಾನಿಯಾಗಿ ಬಂದದ್ದು ಅವನ ಹಳೆಯ ವೈರಿ ಮಾಸ್ಟರ್. (ಅಂದಹಾಗೆ, ಹಡಗು ಉರುಳಿಸಿದ್ದಕ್ಕೆ ಅಷ್ಟು ಸಿಟ್ಟಾದವನು ಸ್ವಲ್ಪ ಹೊತ್ತಿನ ಮೊದಲು ಆ ದಾಳಿಕೋರರ ನಾಯಕನನ್ನು ಕಿತ್ತಳೆ ಹಣ್ಣೊಂದನ್ನೆಸೆದು ಪ್ರಪಾತಕ್ಕೆ ಬೀಳಿಸಿದ್ದ. ಬಂದೂಕಲ್ಲವಲ್ಲ!)

ಇದನ್ನಾದರೂ ರಾಜಕೀಯ ಅಂತ ಬಿಡಬಹುದು. ನಮಗೆ ಬಿಡಲಾಗದ್ದು ಡೊನ್ನಾ ನೋಬಲ್‌ಳ ವಿಚಾರ.

ಡೊನ್ನಾ ಲಂಡನ್ನಿನ ಚಿಸ್ವಿಕ್‌ನವಳು. ಆಫೀಸುಗಳಲ್ಲಿ ತಾತ್ಕಾಲಿಕ ಕೆಲಸ ಮಾಡುತ್ತಿದ್ದ, ಬಾಯಿ ಜೋರಿನ ಹೆಂಗಸು. 2006ರ ಸಂಚಿಕೆಯಲ್ಲಿ ವೈರಿಯ ಮರಿಗಳೆಲ್ಲ ನೀರಲ್ಲಿ ಮುಳುಗುವುದನ್ನು ಡಾಕ್ಟರ್ ಕದಲದೆ ನೋಡುತ್ತ ನಿಂತಾಗ, ಸಾಕು ನಿಲ್ಲಿಸು ಅಂದವಳು ಅವಳು. ನಿನ್ನನ್ನು ತಡೆಯುವುದಕ್ಕೆ ಒಬ್ಬರು ಬೇಕು ಅಂತಲೂ ಅವನ ಮುಖಕ್ಕೇ ಹೇಳಿದಳು. 2008ರ ಪಾಂಪೆ ಸಂಚಿಕೆಯಲ್ಲಿ, ಜ್ವಾಲಾಮುಖಿಗೆ ಊರೇ ಸುಡುತ್ತಿದ್ದಾಗ, ಒಂದು ಮನೆಯವರನ್ನಾದರೂ ಉಳಿಸು ಅಂತ ಅತ್ತು ಅವನನ್ನು ವಾಪಸ್ ಕರೆದೊಯ್ದವಳೂ ಅವಳೇ.

ಅದೇ ವರ್ಷದ ಕೊನೆಯ ಸಂಚಿಕೆಯಲ್ಲಿ ಡಾಕ್ಟರನ ಜ್ಞಾನವೆಲ್ಲ ಅವಳ ತಲೆಗೆ ಸೇರುತ್ತದೆ. ಮನುಷ್ಯರ ಮೆದುಳು ಅದನ್ನು ತಡೆಯಲಾರದು, ಸಾಯುತ್ತಾಳೆ. ಅವಳಿಗೂ ಅದು ಗೊತ್ತಾಗುತ್ತದೆ. ಬೇಡ, ಬೇಡ ಅಂತ ಗೋಗರೆಯುತ್ತಾಳೆ. ಡಾಕ್ಟರ್ ಅವಳ ತಲೆಗೆ ಕೈಯಿಟ್ಟು, ತಾವಿಬ್ಬರೂ ಕಳೆದ ಕಾಲದ ನೆನಪನ್ನೆಲ್ಲ ಅಳಿಸಿಬಿಡುತ್ತಾನೆ.

ಅಳಿಸದಿದ್ದರೆ ಸಾಯುತ್ತಿದ್ದಳಲ್ಲ ಅಂತ ಕೇಳುತ್ತೀರಿ. ನಮ್ಮಲ್ಲೂ ಅರ್ಧ ಜನ ಅದನ್ನೇ ಕೇಳಿದರು, ರಾತ್ರಿಯೆಲ್ಲ ಜಗಳವಾಯಿತು. ಜೀವ ದೊಡ್ಡದೇ. ಆದರೆ ಜೀವ ಅವಳದು, ನೆನಪೂ ಅವಳದು, ಬೇಡ ಅಂದ ಬಾಯಿಯೂ ಅವಳದೇ. "ನಿನ್ನ ಒಳ್ಳೇದಕ್ಕೇ" ಅಂತ ಹೇಳಿ ಅವಳ ಮಾತನ್ನು ದಾಟಿ ಹೋಗುವ ಹಕ್ಕು ಅವನಿಗೆ ಕೊಟ್ಟವರು ಯಾರು? ಇದನ್ನೇ ಒಬ್ಬ ವಿಲನ್ ಮಾಡಿದ್ದರೆ ನಾವೆಲ್ಲ ಛೀ ಅನ್ನುತ್ತಿದ್ದೆವು. ಡಾಕ್ಟರ್ ಮಾಡಿ, ಮಳೆಯಲ್ಲಿ ನೆನೆಯುತ್ತ ನಿಂತ. ನಾವು ಅವನಿಗಾಗಿ ಕಣ್ಣೀರು ಹಾಕಿದೆವು.

2023ರಲ್ಲಿ ಅವಳ ನೆನಪು ವಾಪಸ್ ಬಂತು, ಇನ್ನೇನು ತಕರಾರು ಅನ್ನುವವರಿದ್ದಾರೆ. ಬಂತು, ನಮಗೂ ಖುಷಿಯಾಯಿತು. ಆದರೆ ಅಲ್ಲಿವರೆಗೆ 15 ವರ್ಷ ತಾನು ಏನಾಗಿದ್ದೆ ಅಂತಲೇ ತಿಳಿಯದೆ ಬದುಕಿದಳಲ್ಲ!

ಅಭಿಮಾನಿಗಳು ಮುಚ್ಚಿಡುವುದನ್ನು ಕಥೆ ಬರೆದವರು ಮುಚ್ಚಿಟ್ಟಿಲ್ಲ. ಡೊನ್ನಾ ಇಲ್ಲದ ಡಾಕ್ಟರ್ ಏನಾಗುತ್ತಾನೆ ಅಂತ 2009ರ ಮಂಗಳ ಗ್ರಹದ ಸಂಚಿಕೆಯಲ್ಲಿ ತೋರಿಸಿದರು. ಅಲ್ಲಿ ಅವನು ಕಾಲದ ನಿಯಮವೆಲ್ಲ ತನ್ನ ಅಧೀನ ಅಂತ ಕೂಗಾಡಿ, ಸಾಯಬೇಕಿದ್ದವರನ್ನು ಭೂಮಿಗೆ ಎಳೆತರುತ್ತಾನೆ. ಅವರಲ್ಲೊಬ್ಬಳಾದ ಕ್ಯಾಪ್ಟನ್ ಅಡಿಲೇಡ್ ಬ್ರೂಕ್, ಯಾರಿಗೂ ಇಷ್ಟು ಅಧಿಕಾರ ಇರಬಾರದು ಅಂದು, ತನ್ನ ಮನೆಯೊಳಗೆ ಹೋಗಿ ತಾನೇ ಗುಂಡು ಹಾರಿಸಿಕೊಳ್ಳುತ್ತಾಳೆ. ಅವನನ್ನು ತಡೆಯಲು ಅವಳಿಗೆ ಉಳಿದಿದ್ದು ಅದೊಂದೇ ದಾರಿ.

ಡಾಕ್ಟರನನ್ನು ನೋಡಬೇಡಿ ಅನ್ನುತ್ತಿಲ್ಲ. ನಾವೂ ನೋಡುತ್ತೇವೆ. ಮುಂದಿನ ಸಲ ಆ 2008ರ ಸಂಚಿಕೆ ಹಾಕಿದಾಗ ಮಳೆಯಲ್ಲಿ ನಿಂತವನನ್ನು ಬಿಟ್ಟು ಮನೆಯೊಳಗೆ ನೋಡಿ. ಡೊನ್ನಾ ಏನೂ ಗೊತ್ತಿಲ್ಲದೆ ಫೋನಿನಲ್ಲಿ ಹರಟುತ್ತಿದ್ದಾಳೆ. ಅವಳ ಪರವಾಗಿ ದಿನಾ ರಾತ್ರಿ ನಕ್ಷತ್ರ ನೋಡುತ್ತೇನೆ ಅಂತ ಅವಳ ತಾತ ಡಾಕ್ಟರಿಗೆ ಮಾತು ಕೊಡುತ್ತಿದ್ದಾನೆ.