ಮಣಿಗೂ ಒಂದು ಸಾಲು ಬರೀರಿ

ಮಗಳ ಮದುವೆಯಲ್ಲಿ ತಾಳಿಸರಕ್ಕೆಂದು ಆರು ಹವಳ ಕೊಂಡಿದ್ದೆ. ತಾಳಿಗೆ ಹಾಲ್‌ಮಾರ್ಕ್ ಇತ್ತು, ಬಿಲ್ಲಿನಲ್ಲಿ ಬಂಗಾರದ ತೂಕ ಮಿಲಿಗ್ರಾಂವರೆಗೂ ಇತ್ತು. ಹವಳದ ಮುಂದೆ ಮಾತ್ರ ‘ಮಣಿ’ ಎಂದಷ್ಟೇ ಬರೆದಿದ್ದರು. ಮೂರು ತಿಂಗಳಿಗೆ ಆ ಕೆಂಪು ಅವಳ ರವಿಕೆಗೆ ಹತ್ತಿತು. ಮಗಳು ಏನೂ ಅನ್ನಲಿಲ್ಲ. ನನಗೇ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮವ್ವನ ಹವಳ ಬೆವರು, ಅರಿಷಿಣ, ಸೀಗೆಕಾಯಿ ಎಲ್ಲ ಉಂಡು ಹೊಳಪು ಮಾಸಿದ್ದವು, ಬಣ್ಣ ಬಿಟ್ಟಿರಲಿಲ್ಲ. ಭೂತಗನ್ನಡಿ ಹಿಡಿದರೆ ಮೈಮೇಲೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಓಡುವುದು ಕಾಣುತ್ತದೆ. ಗಾಜಿನ ಮಣಿಯಲ್ಲಾದರೆ ಒಮ್ಮೊಮ್ಮೆ ಗುಳ್ಳೆ ಸಿಗುತ್ತವೆ. ಪ್ಲಾಸ್ಟಿಕ್ ಅಂಗೈಯಲ್ಲಿ ಬೇಗ ಬೆಚ್ಚಗಾಗುತ್ತದೆ. ನಿಂಬೆರಸ ಹಾಕಿ ನೋಡುವವರಿದ್ದಾರೆ, ದಯವಿಟ್ಟು ಬೇಡ. ಹವಳ, ಮುತ್ತು, ಕವಡಿ ಮೂರೂ ಸುಣ್ಣದ ಮೈಯವು. ಹುಳಿ ತಾಗಿದರೆ ನೊರೆ ಬರುವುದು ನಿಜ, ಹೊಳಪು ಹೋಗುವುದೂ ನಿಜ.

ಹಾನಗಲ್ಲಿನ ನಮಗೆ ಸಮುದ್ರ ಎಂದರೆ ಸಿರ್ಸಿ ದಾಟಿ, ದೇವಿಮನೆ ಘಟ್ಟ ಇಳಿದ ಮೇಲಿನ ಮಾತು. ಆದರೂ ಕಡಲು ಮನೆಯೊಳಗೇ ಇದೆ: ದೇವರ ಜಗಲಿಯ ಶಂಖ, ಪಗಡೆಯ ಕವಡಿ, ಎಲ್ಲಮ್ಮನ ಜೋಗತಿಯರ ಕವಡಿಸರ.

ಶಿಗ್ಗಾವಿ ಕಡೆಯ ತಾಂಡಾವೊಂದರಲ್ಲಿ ಲಂಬಾಣಿ ಅಜ್ಜಿಯೊಬ್ಬರು ಕಾಂಚಳಿಗೆ ಕವಡಿ ಹೊಲಿಯುವಾಗ ಪಕ್ಕದಲ್ಲಿ ಕುಳಿತಿದ್ದೆ. ಕವಡಿಯ ಬೆನ್ನು ಒಡೆದು, ಹಲ್ಲಿನ ಸಾಲು ಮೇಲೆ ಬರುವಂತೆ ದಾರ ಹಾಯಿಸುತ್ತಿದ್ದರು. ನಾನು ಸಂತೆಯಿಂದ ಒಯ್ದಿದ್ದ ಹೊಸ ಕವಡಿಗಳನ್ನು ಮುಷ್ಟಿಯಲ್ಲಿ ಕುಲುಕಿದರು, ಕಿವಿಗೊಟ್ಟರು. “ಇವು ಮಾತಾಡಂಗಿಲ್ರಿ ಅಕ್ಕೋರ” ಎಂದು ನನ್ನ ಕೈಗೇ ವಾಪಸ್ ಹಾಕಿದರು. ಹೊರಗೆ ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ಒಂದೇ ಅಳತೆ, ಎಲ್ಲಕ್ಕೂ ಅಷ್ಟಷ್ಟೇ ಹಲ್ಲು, ಪಕ್ಕೆಯಲ್ಲಿ ಅಚ್ಚಿನ ಗೆರೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಕಾಣದ್ದು ಅವರ ಕಿವಿಗೆ ಕ್ಷಣದಲ್ಲಿ ಕೇಳಿತ್ತು.

ಗಾಜು, ಪ್ಲಾಸ್ಟಿಕ್ ಮಾರಬೇಡಿ ಎನ್ನುತ್ತಿಲ್ಲ. ಕೈ ಗಿಡ್ಡ ಇದ್ದವರ ಮನೆಯ ಮದುವೆಗೆ ಗಾಜಿನ ಮಣಿಯೂ ಚೆಂದವೇ. ಅದನ್ನು ಗಾಜೆಂದು ಹೇಳಿ, ಗಾಜಿನ ರೊಕ್ಕ ತೆಗೆದುಕೊಳ್ಳಲಿ. ಚಿನ್ನದ ಆಭರಣಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಅದೇ ಸರದಲ್ಲಿ ಚಿನ್ನದ ಮಗ್ಗುಲಿಗೇ ಕೂರುವ ಹವಳಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲದಿದ್ದರೆ ಹೇಗೆ? ಸಮುದ್ರದ್ದೋ, ಬಣ್ಣ ಕಟ್ಟಿದ್ದೋ, ಗಾಜೋ ಎಂದು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸರಾಫರು ಬರೆದುಕೊಡಬೇಕು. ಬರೆದರೆ ಇನ್ನೊಂದು ಉಪಕಾರವಿದೆ. ಒಡವೆಯ ಕೆಂಪು ಹವಳದಲ್ಲಿ ಹೆಸರಾಗಿರುವುದು ಮೆಡಿಟರೇನಿಯನ್ ಸಮುದ್ರದ್ದು. ನಮ್ಮ ಕಡಲಿನ ಹವಳದ ದಿಬ್ಬಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ, ಕಿತ್ತು ಮಾರುವಂತಿಲ್ಲ. ಕೊಂಡದ್ದು ಯಾವುದು ಎಂದು ಗೊತ್ತಿದ್ದರಲ್ಲವೇ ಕೊಳ್ಳಬಹುದೋ ಬಾರದೋ ಎಂದು ತಿಳಿಯುವುದು?

ಮಗಳ ಸರದಲ್ಲಿ ಈಗ ಅವ್ವನ ಹವಳ ಇವೆ. ಮೊಮ್ಮಕ್ಕಳ ಮದುವೆಗೆ ಬಿಲ್ ಹರಿಯುವ ಮೊದಲೇ ಕೇಳುವವಳಿದ್ದೇನೆ. ಬರೆದುಕೊಡಲು ಒಲ್ಲೆ ಎಂದ ಅಂಗಡಿಯ ಕಟ್ಟೆ ನಾನಂತೂ ಹತ್ತುವುದಿಲ್ಲ.