ಕರುವಿನ ಕಾಲು, ಕೂಸಿನ ಕಾಲು

ಸವಳಂಗದ ಕೊಟ್ಟಿಗೆಗಳಲ್ಲಿ ಎಲ್ಲರೂ ಕಂಡದ್ದೇ: ಹುಟ್ಟಿದ ಒಂದೆರಡು ಗಂಟೆಯೊಳಗೆ ಕರು ಎದ್ದು ನಿಂತು ಕೆಚ್ಚಲನ್ನು ಅರಸುತ್ತದೆ. ನಮ್ಮ ಕೂಸಿಗೆ ನಡೆಯಲು ಸುಮಾರು ಒಂದು ವರ್ಷ ಬೇಕು. ಇದು ಕೊರತೆಯಲ್ಲ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಬೆನ್ನುಹುರಿಯಲ್ಲಿವೆ. ಮಿದುಳಿನಿಂದ ಅವುಗಳತ್ತ ಇಳಿಯುವ ನರತಂತುಗಳ ಸಂಪರ್ಕ ಕರುವಿನಲ್ಲಿ ಬಹುಮಟ್ಟಿಗೆ ಗರ್ಭದಲ್ಲೇ ಬಲಿತಿರುತ್ತದೆ. ಮಗುವಿನಲ್ಲಿ ಜನನಾನಂತರವೂ ಬಲಿಯುತ್ತಿರುತ್ತದೆ. ಎಳೆಗೂಸಿನ ಅಂಗಾಲನ್ನು ಗೀರಿದರೆ ಹೆಬ್ಬೆರಳು ಮೇಲಕ್ಕೇಳುವುದು ಅದರ ಕುರುಹು. ಸಾಮಾನ್ಯವಾಗಿ ಎರಡು ವರ್ಷದೊಳಗೆ ಇದು ಮರೆಯಾಗುತ್ತದೆ.

ಆದುದರಿಂದ, ಈಗ ತಾಯ್ತಂದೆಯರಾಗಿರುವ ನನ್ನ ವಿದ್ಯಾರ್ಥಿಗಳೇ, ಬೇಗ ನಡೆಯಲೆಂದು ಮಗುವನ್ನು ಗಾಲಿಯ ವಾಕರಿನಲ್ಲಿ ಕೂರಿಸಬೇಡಿರಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಅಪಘಾತಗಳ ಕಾರಣದಿಂದ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಗು ನೆಲದ ಮೇಲೆ ಅಂಬೆಗಾಲಿಡಲಿ. ಒಂದೂವರೆ ವರ್ಷವಾದರೂ ನಡೆಯದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿರಿ.